ನೀವು ಯಾವ ಜನ?

ಬಾಡಿಗೆ ಮನೆ ಹುಡುಕಿದವರಿಗೆ ಈ ಪ್ರಶ್ನೆ ಹೊಸದಲ್ಲ. ನೌಕರಿಗೆಂದು ನಾನು ಮೈಸೂರಿಗೆ ಬಂದ ಹೊಸದರಲ್ಲಿ, ಮನೆ ತೋರಿಸಲು ಬಂದ ಬ್ರೋಕರು ಸ್ಕೂಟರ್ ನಿಲ್ಲಿಸಿ, ನನ್ನ ಹೆಸರಿಗಿಂತ ಮೊದಲು ಕೇಳಿದ್ದು ಇದನ್ನೇ. ಹೇಳಿದೆ. "ಹಾಗಾದ್ರೆ ತೊಂದ್ರೆ ಇಲ್ಲ ಬಿಡೀಮ್ಮಾ, ಓನರು ಒಪ್ಕೋತಾರೆ" ಎಂದ. ನನ್ನ ಜೊತೆಗೇ ಮನೆ ಹುಡುಕುತ್ತಿದ್ದ ಗೆಳತಿಗೆ ಮಾತ್ರ ಅದೇ ಬೀದಿಯ ಇನ್ನೊಂದು ಮನೆ "ಈಗಷ್ಟೇ ಹೋಯ್ತು" ಎಂದ. ಅದು ಹೋಗಿರಲಿಲ್ಲ. ಇನ್ನೂ ಎರಡು ತಿಂಗಳು ಅದರ ಗೇಟಿಗೆ 'ಬಾಡಿಗೆಗಿದೆ' ಎಂಬ ಹಲಗೆ ನೇತಾಡುತ್ತಿತ್ತು. ದಿನವೂ ಅದರ ಮುಂದೆಯೇ ನಡೆದು ಹೋಗುತ್ತಿದ್ದೆ. ಗೆಳತಿಗೆ ಹೇಳಲಿಲ್ಲ.

ಬ್ರೋಕರಿಗೆ ನಮ್ಮ ಹಳೆಯ ಹೆಸರು ದಲ್ಲಾಳಿ. ಅರಬ್ಬಿಯಿಂದ ಬಂದ ಮಾತು. ಅದರ ಮೂಲದಲ್ಲಿರುವುದು ದಾರಿ ತೋರಿಸುವ ಅರ್ಥ. ದಾರಿ ತೋರಿಸುವವನೇ ದಾರಿ ತಪ್ಪಿಸಿದರೇನು ಗತಿ ಎಂಬ ಚಿಂತೆ ಕಾನೂನಿಗೂ ಹಿಂದಿನಿಂದ ಇದೆ. ನಮ್ಮ ದೇಶದಲ್ಲಿ 1872ರ ಕರಾರು ಕಾಯಿದೆಯೇ ಏಜೆಂಟನನ್ನು ಕಟ್ಟಿಹಾಕಿತು. ಮಾರಲು ಕೊಟ್ಟ ಮನೆಯನ್ನು ಅವನು ಗುಟ್ಟಾಗಿ ಬೇರೆಯವರ ಹೆಸರಲ್ಲಿ ತಾನೇ ಕೊಂಡುಕೊಂಡರೆ, ಒಡೆಯ ಆ ವ್ಯವಹಾರವನ್ನು ತಳ್ಳಿಹಾಕಬಹುದು. ದುಡ್ಡಿನ ಮೋಸಕ್ಕೆ ಹೀಗೆ ಮದ್ದು ಸಿಕ್ಕಿತು. ಆದರೆ ನನ್ನ ಗೆಳತಿಗೆ ಆದದ್ದು ದುಡ್ಡಿನ ಮೋಸವಲ್ಲವಲ್ಲ!

ಇದಕ್ಕೆ ಉತ್ತರ ಹುಡುಕುತ್ತ ಓದಿದಾಗ ಅಮೆರಿಕದ ಕಥೆಯೊಂದು ಸಿಕ್ಕಿತು. 1908ರಲ್ಲಿ ಶಿಕಾಗೋದಲ್ಲಿ ಮನೆ-ನಿವೇಶನದ ಏಜೆಂಟರು ಸೇರಿ ರಾಷ್ಟ್ರಮಟ್ಟದ ಸಂಘ ಕಟ್ಟಿದರು. ಯಾರು ಬೇಕಾದರೂ ಬೋರ್ಡು ಹಾಕಿಕೊಂಡು ಜನರಿಗೆ ಟೋಪಿ ಹಾಕಬಹುದಾಗಿದ್ದ ಕಾಲ ಅದು. ತಮ್ಮ ಕಸುಬಿಗೆ ಮರ್ಯಾದೆ ತರಬೇಕೆಂದು 1913ರಲ್ಲಿ ಅವರೇ ಒಂದು ನೀತಿಸಂಹಿತೆ ಬರೆದುಕೊಂಡರು. ಒಳ್ಳೆಯ ಕೆಲಸವೇ. ಆದರೆ 1924ರಲ್ಲಿ ಅದಕ್ಕೊಂದು ಕಲಮು ಸೇರಿತು: ಯಾವ ಜನಾಂಗದವರು ಬಂದರೆ ಬಡಾವಣೆಯ ಆಸ್ತಿಯ ಬೆಲೆ ಇಳಿಯುತ್ತದೋ ಅಂಥವರನ್ನು ಏಜೆಂಟನು ಅಲ್ಲಿಗೆ ಕರೆತರಬಾರದು! ಕರಿಯರಿಗೆ ಬಿಳಿಯರ ಬೀದಿಯಲ್ಲಿ ಮನೆ ಕೊಡಿಸುವುದು ಆ ಪುಸ್ತಕದ ಪ್ರಕಾರ ಅನೀತಿಯಾಯಿತು.

ಸೇಂಟ್ ಲೂಯಿಸ್ ನಗರದಲ್ಲಿ ಎತೆಲ್ ಶೆಲ್ಲಿ ಎಂಬ ಕರಿಯ ಹೆಂಗಸು, ಆರು ಮಕ್ಕಳ ತಾಯಿ, ಗಂಡನೊಂದಿಗೆ 1945ರಲ್ಲಿ ಮನೆ ಕೊಂಡಳು. ಆ ಬೀದಿಯ ಮನೆಗಳನ್ನು ಕರಿಯರಿಗೆ ಮಾರಕೂಡದೆಂಬ ಹಳೆಯ ಕರಾರು ಹಿಡಿದು ಬೀದಿಯವರು ಕೋರ್ಟಿಗೆ ಹೋದರು. ಅಂಥ ಕರಾರನ್ನು ಕೋರ್ಟು ಜಾರಿ ಮಾಡುವಂತಿಲ್ಲವೆಂದು ಸುಪ್ರೀಂ ಕೋರ್ಟು 1948ರಲ್ಲಿ ಹೇಳಿತು. ಮನೆ ಎತೆಲ್‌ಳಿಗೆ ಉಳಿಯಿತು. ಸಂಘವು 1950ರಲ್ಲಿ ಜನಾಂಗದ ಮಾತನ್ನು ಪುಸ್ತಕದಿಂದ ತೆಗೆಯಿತು. ಅಭ್ಯಾಸ ಅಷ್ಟು ಬೇಗ ಹೋಗಲಿಲ್ಲ. ಮಾರ್ಟಿನ್ ಲೂಥರ್ ಕಿಂಗರ ಕೊಲೆಯಾಗಿ ಒಂದು ವಾರಕ್ಕೆ, 1968ರ ಏಪ್ರಿಲಿನಲ್ಲಿ, ಮನೆ ಕೊಡುವಾಗ ಭೇದ ಮಾಡಬಾರದೆಂಬ ಕಾನೂನು ಬಂತು. ಸಂಘ ಬಾಯಿಬಿಟ್ಟು ಕ್ಷಮೆ ಕೇಳಿದ್ದು 2020ರಲ್ಲಿ.

ನಮ್ಮಲ್ಲಿ 2016ರ ರೇರಾ ಕಾಯಿದೆ ಬಂದ ಮೇಲೆ, ನೋಂದಾಯಿತ ಯೋಜನೆಗಳ ಫ್ಲಾಟು, ಸೈಟು ಮಾರಿಸುವ ಏಜೆಂಟರು ತಾವೂ ನೋಂದಾಯಿಸಿಕೊಳ್ಳಬೇಕು, ಲೆಕ್ಕ ಇಡಬೇಕು. ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ. ಸಂತೋಷವೇ. ಆದರೆ ಬಾಡಿಗೆ ಮನೆಯ ಬ್ರೋಕರು ಅದರ ಕೈಗೆ ಸಿಗುವುದಿಲ್ಲ. "ನೀವು ಯಾವ ಜನ?" ಎಂಬ ಪ್ರಶ್ನೆಯೂ ಸಿಗುವುದಿಲ್ಲ.

ಕಳೆದ ವರ್ಷ ನಮ್ಮ ಮಹಡಿ ಮನೆ ಖಾಲಿಯಾಯಿತು. ಬ್ರೋಕರ್ ಹುಡುಗ ಫೋನು ಮಾಡಿ, "ಎಂಥವರನ್ನ ಕಳಿಸ್ಲಿ ಮೇಡಂ?" ಎಂದ. "ಸ್ವಲ್ಪ ನೋಡ್ಕೊಂಡು ಕಳಿಸಪ್ಪ" ಎಂದೆ. ಅವನು "ಗೊತ್ತಾಯ್ತು ಬಿಡಿ" ಎಂದ. ಫೋನಿಟ್ಟು ಅಡಿಗೆಮನೆಗೆ ಹೋದವಳು ಒಗ್ಗರಣೆ ಸೀಯುವವರೆಗೆ ನಿಂತೇ ಇದ್ದೆ. ಅವನಿಗೆ ಏನು ಗೊತ್ತಾಯಿತು? ನಾನು ಹೇಳದೇ ಹೇಳಿದ್ದೇನು? ಅಮೆರಿಕದವರು ಕಲಮಿನಲ್ಲಿ ಬರೆದಿಟ್ಟಿದ್ದನ್ನು ನಾನು 'ನೋಡ್ಕೊಂಡು' ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದೆ.

ಮತ್ತೆ ಫೋನು ಮಾಡಿದೆ. "ಮೊದಲು ಬಂದವರಿಗೆ ಮೊದಲು ತೋರ್ಸಪ್ಪ. ಬಾಡಿಗೆ ಕಟ್ತಾರಾ ಅಂತ ಕೇಳು, ಸಾಕು. ಬೇರೆ ಏನೂ ಕೇಳ್ಬೇಡ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಸರಿ ಮೇಡಂ. ನಾವಾಗಿ ಎಲ್ಲಿ ಕೇಳ್ತೀವಿ? ಓನರುಗಳು ಕೇಳಿಸ್ತಾರೆ" ಎಂದ.

ಅವನ ತಪ್ಪೇ ಇಲ್ಲವೆನ್ನಲಾರೆ. ಕೇಳುವುದಿಲ್ಲ ಎನ್ನುವ ಧೈರ್ಯ ಅವನಿಗೂ ಇರಬೇಕಿತ್ತು. ಆದರೆ ಎರಡು ತಿಂಗಳು ಆ ಹಲಗೆಯ ಮುಂದೆ ಬಾಯಿ ಬಿಡದೆ ನಡೆದವಳು ನಾನು. ಅವನಿಗೆ ಏನೆಂದು ಉತ್ತರ ಕೊಡಲಿ?