ಬೆನ್ನುನೋವಿಗೂ ವೀಸಾಕ್ಕೂ ಏನು ಸಂಬಂಧ?

ಕತಾರಿನಲ್ಲಿ ದುಡಿಯುವವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಹೊರದೇಶದವರು. ಅವರಲ್ಲಿ ಭಾರತೀಯರದು ದೊಡ್ಡ ಪಾಲು. ಆ ಪಾಲಿನೊಳಗೆ ನಮ್ಮ ಕರಾವಳಿಯವರೂ ಇದ್ದಾರೆ. ಇವರ ಸೊಂಟ, ಭುಜ, ಮೊಣಕಾಲುಗಳ ಬಗ್ಗೆ ವೈದ್ಯಶಾಸ್ತ್ರ ಹೇಳಬಲ್ಲದ್ದು ಮಾತ್ರ ಕಡಿಮೆ. ಆ ಶಾಸ್ತ್ರ ಯಾರನ್ನು ನೋಡುತ್ತಾ ಬೆಳೆಯಿತು ಎಂದು ಕೇಳಿದರೆ ಕಾರಣ ತಿಳಿಯುತ್ತದೆ.

ಇಟಲಿಯ ವೈದ್ಯ ಬೆರ್ನಾರ್ಡಿನೊ ರಾಮಾಝಿನಿ ಕಸುಬುಗಳ ಕಾಯಿಲೆಗಳ ಕುರಿತು 1700ರಲ್ಲಿ ಪುಸ್ತಕ ಬರೆದ. ಗುಮಾಸ್ತರ ನೋವಿಗೆ ಅವನು ಕೊಟ್ಟ ಕಾರಣಗಳು ಮೂರು: ಕೂತೇ ಇರುವುದು, ಕೈಯ ಒಂದೇ ಬಗೆಯ ಚಲನೆ, ಲೆಕ್ಕ ತಪ್ಪೀತೆಂಬ ಮನಸ್ಸಿನ ಬಿಗಿ. ಮುಂದೆ ಬಂದವರು ಮೊದಲೆರಡನ್ನು ಹಿಡಿದುಕೊಂಡು ಮೂರನೆಯದನ್ನು ಬಹುಮಟ್ಟಿಗೆ ಕೈಬಿಟ್ಟರು. ಎಷ್ಟು ಕಿಲೋ ಎತ್ತಿದ, ಎಷ್ಟು ಬಾಗಿದ ಎಂಬುದೇ ಲೆಕ್ಕವಾಯಿತು.

ಮನಸ್ಸು ಮರಳಿ ಬಂದದ್ದು 1979ರ ನಂತರ. ಕೆಲಸದ ಒತ್ತಡ ಹೆಚ್ಚಿದ್ದು, ಅದರ ಮೇಲೆ ಕೆಲಸಗಾರನ ಹಿಡಿತ ಕಡಿಮೆಯಿದ್ದರೆ ಹಾನಿ ಎಂದು ರಾಬರ್ಟ್ ಕರಾಸೆಕ್ ಆ ವರ್ಷ ವಾದಿಸಿದ. ಪಟ್ಟ ಶ್ರಮಕ್ಕೆ ತಕ್ಕ ಪ್ರತಿಫಲ ಸಿಗದಿರುವುದೇ ರೋಗದ ಬೇರು ಎಂದು 1996ರಲ್ಲಿ ಯೋಹಾನೆಸ್ ಸೀಗ್ರಿಸ್ಟ್ ಬರೆದ. ಎರಡೂ ವಾದಗಳು ನಂತರ ಸೊಂಟ, ಕತ್ತುಗಳ ನೋವಿಗೂ ಅನ್ವಯವಾದವು. ಈ ನಡುವೆ, ಅಮೆರಿಕದ ಬೋಯಿಂಗ್ ಕಾರ್ಖಾನೆಯ ಕೆಲಸಗಾರರ ಮೇಲೆ ನಡೆದ ಅಧ್ಯಯನವೊಂದು 1991ರಲ್ಲಿ ಪ್ರಕಟವಾಯಿತು: ಬೆನ್ನುನೋವೆಂದು ಯಾರು ದೂರುತ್ತಾರೆ ಎಂಬುದನ್ನು ಮುಂಚಿತವಾಗಿ ಸೂಚಿಸುವುದರಲ್ಲಿ, ದೈಹಿಕ ಅಳತೆಗಳಿಗಿಂತ ಕೆಲಸದ ಬಗೆಗಿನ ಬೇಸರವೇ ಮುಂದಿತ್ತು.

ಚಿಂತೆ ಸ್ನಾಯುವಿಗೆ ಇಳಿಯುವುದು ಹೇಗೆ? ಸ್ವೀಡನ್ನಿನ ಹೆಗ್ ಎಂಬ ಸಂಶೋಧಕ ಒಂದು ಊಹೆ ಮುಂದಿಟ್ಟ. ಸ್ನಾಯುವಿನಲ್ಲಿ ಕೆಲವು ತಂತುಗಳು ಎಲ್ಲಕ್ಕಿಂತ ಮೊದಲು ಕೆಲಸಕ್ಕಿಳಿದು ಎಲ್ಲಕ್ಕಿಂತ ಕೊನೆಗೆ ವಿರಮಿಸುತ್ತವೆ, ಮನೆಯ ಹಿರಿಸೊಸೆಯ ಹಾಗೆ. ಮನಸ್ಸು ಬಿಗಿಯಾಗಿದ್ದರೆ ಭಾರ ಇಳಿಸಿದ ಮೇಲೂ ಅವಕ್ಕೆ ಬಿಡುವಿಲ್ಲ. ಪೂರ್ತಿ ಸಾಬೀತಾಗದಿದ್ದರೂ ಭುಜದ ನೋವಿಗೆ ಇದು ಚೆನ್ನಾಗಿ ಹೊಂದುತ್ತದೆ. ಬೆಂಗಳೂರಿನ ವೈದ್ಯ ದೀಪಕ್ ಶರಣ್ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನವೂ ಕಂಪ್ಯೂಟರ್ ಉದ್ಯೋಗಿಗಳ ನೋವನ್ನು ಅವರು ಒತ್ತಡದಲ್ಲಿ ಕೆಲಸ ಮಾಡುವ ರೀತಿಗೆ ತಳಕು ಹಾಕಿತ್ತು.

ಹೀಗೆ ಶಾಸ್ತ್ರ ನೋಡುತ್ತಾ ಬೆಳೆದದ್ದು ಇವರನ್ನು: ಗುಮಾಸ್ತ, ಕಾರ್ಖಾನೆಯ ಕಾಯಂ ನೌಕರ, ಸಾಫ್ಟ್‌ವೇರ್ ಉದ್ಯೋಗಿ. ನೋವೆಂದು ಹೇಳಿಕೊಂಡರೆ ಇವರ ಅನ್ನಕ್ಕೆ ಕುತ್ತು ಬರುವುದು ಅಪರೂಪ.

ಕತಾರಿನಲ್ಲಿ ಬೆನ್ನುನೋವಿನ ರೋಗಿಗಳಲ್ಲಿ ಆತಂಕ, ಖಿನ್ನತೆ ಹೆಚ್ಚೆಂದು ಅಬ್ದುಲ್‌ಬಾರಿ ಬೆನೆರ್ ತಂಡ 2013ರಲ್ಲಿ ತೋರಿಸಿತು. ಅದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದವರ ಮಾತು. ಸೈಟಿನಿಂದ ಕ್ಯಾಂಪಿಗೆ ಮರಳಿ ಮುಲಾಮು ಹಚ್ಚಿಕೊಂಡು ಮಲಗುವವನು ಆ ಲೆಕ್ಕಕ್ಕೆ ಸಿಗುವುದಿಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2021ರ ವರದಿ ಕತಾರಿನಲ್ಲಿ ಹಿಂದಿನ ವರ್ಷ ಕೆಲಸದಿಂದಾದ 50 ಸಾವು, 506 ತೀವ್ರ ಗಾಯಗಳನ್ನು ಎಣಿಸಿತು. ಅವು ಬಿದ್ದವರ, ಜಜ್ಜಿದವರ ಅಂಕಿಗಳು. ವರ್ಷಗಟ್ಟಲೆ ಸವೆದ ಕೀಲಿಗೆ ಅಲ್ಲಿ ಕಾಲಂ ಇಲ್ಲ. ಅದೇ ಕತಾರಿನ ರಾಜಧಾನಿ ದೋಹಾದಲ್ಲಿ 2007ರಿಂದ ಆಸ್ಪೆಟಾರ್ ಎಂಬ ಕ್ರೀಡಾ ಆಸ್ಪತ್ರೆ ಇದೆ. ಆಟಗಾರರ ತೊಡೆಸಂದಿನ ನೋವನ್ನು ಹೇಗೆ ವಿಂಗಡಿಸಬೇಕೆಂದು ಜಗತ್ತಿನ ತಜ್ಞರು 2014ರಲ್ಲಿ ಅದೇ ನಗರದಲ್ಲಿ ಸೇರಿ ಒಪ್ಪಂದಕ್ಕೆ ಬಂದರು. ಪ್ಲಾಸ್ಟರಿಂಗ್ ಮಾಡುವವನ ಭುಜಕ್ಕೆ ಅಷ್ಟು ಮಂದಿ ಸೇರಿದ್ದು ನಾನಂತೂ ಕೇಳಿಲ್ಲ.

ಕತಾರಿನ ಕಾನೂನು ಬದಲಾಗಿದೆ ಎನ್ನಬೇಕು. ಮಾಲೀಕನ ಒಪ್ಪಿಗೆಪತ್ರವಿಲ್ಲದೆ ಕೆಲಸ ಬದಲಿಸಲು 2020ರಲ್ಲಿ ದಾರಿಯಾಯಿತು. 2021ರಿಂದ ತಿಂಗಳಿಗೆ ಕನಿಷ್ಠ 1,000 ರಿಯಾಲ್ ಮೂಲ ವೇತನ. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನ ಕೆಲಸಕ್ಕೆ ನಿಷೇಧ. ಆದರೂ ಕರಾಸೆಕ್ ಹೇಳಿದ ‘ಹಿಡಿತ’ಕ್ಕೆ ಇಲ್ಲಿ ಬೇರೆಯೇ ಅರ್ಥ: ಕೆಲಸ ಬಿಡಬಲ್ಲೆನೇ? ಊರಲ್ಲಿ ವೀಸಾಕ್ಕೆಂದು ಮಾಡಿದ ಸಾಲ ತೀರದವನಿಗೆ ಕಾಗದದ ಮೇಲಿನ ಸ್ವಾತಂತ್ರ್ಯ ಅರ್ಧ ಮಾತ್ರ ದಕ್ಕುತ್ತದೆ.

ಇನ್ನೊಂದು ತೊಡಕಿದೆ. ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾಗದವನಿಗೆ ವೀಸಾ ಸಿಗದು. ದುಡಿಯಲಾಗದವನು ಊರಿಗೆ ಮರಳುತ್ತಾನೆ. ಹಾಗಾಗಿ ಕತಾರಿನಲ್ಲಿ ಸಮೀಕ್ಷೆ ಮಾಡಿದರೆ ಸಿಗುವುದು ತಾಳಿಕೊಂಡವರು ಮಾತ್ರ. ಉಳಿದವರನ್ನು ಹುಡುಕಬೇಕಾದ್ದು ಮಂಗಳೂರು, ಉಡುಪಿ, ಭಟ್ಕಳಗಳ ಮೂಳೆ ವೈದ್ಯರ ಬಳಿ. ಅಲ್ಲಿ ಎಕ್ಸ್‌ರೇ ಜೊತೆಗೆ ಕೇಳಬೇಕಾದ ಪ್ರಶ್ನೆಗಳು ಇನ್ನೆರಡು: ಎಷ್ಟು ವರ್ಷ ಗಲ್ಫಿನಲ್ಲಿದ್ದಿರಿ, ಯಾಕೆ ವಾಪಸು ಬಂದಿರಿ?