ಗೇಟಿನೊಳಗೆ ಯಾರ ಬಂದೂಕು?

ಅಮೆರಿಕದ ಕಾರ್ಖಾನೆಗಳ ಪಾರ್ಕಿಂಗ್ ಜಾಗದಲ್ಲಿ ಕಾರ್ಮಿಕ ತನ್ನ ಕಾರಿನೊಳಗೆ ಬಂದೂಕು ಇಟ್ಟುಕೊಳ್ಳಬಹುದೇ ಎಂಬ ವ್ಯಾಜ್ಯ ನಮ್ಮ ಕಿರಿಯ ವಕೀಲರ ಬಾಯಿಗೂ ಬಂದಿದೆ. ‘ಅಲ್ಲಿ ಸಂವಿಧಾನವೇ ಹಕ್ಕು ಕೊಟ್ಟಿದೆ, ಮಾಲೀಕ ಏನು ಮಾಡಿಯಾನು’ ಎಂಬಲ್ಲಿಗೆ ಅವರ ಮಾತು ಮುಗಿಯುತ್ತದೆ. ಉಮರ್ಗಾ, ನಿಲಂಗಾ, ಉದಗೀರ ಕಡೆಯ ಬಂದೂಕು ಲೈಸೆನ್ಸಿನ ಕಾಗದಗಳನ್ನು ಮೂವತ್ತು ವರ್ಷ ತಿರುವಿ ಹಾಕಿದವನಾಗಿ ನನಗೆ ಈ ಓದು ಒಪ್ಪಿಗೆಯಿಲ್ಲ.

ನಮ್ಮಲ್ಲಿನ ಕಥೆ 1857ರ ದಂಗೆಯ ನಂತರ ಜನರ ಕೈಯಿಂದ ಆಯುಧ ಕಸಿದುಕೊಂಡಲ್ಲಿಂದ ಶುರು. 1878ರ ಆಯುಧ ಕಾಯ್ದೆ ಅದನ್ನು ಗಟ್ಟಿ ಮಾಡಿತು. ಕೊಡಗಿಗೆ ಮಾತ್ರ 1861ರಲ್ಲೇ ಕಮಿಷನರ್ ಮಾರ್ಕ್ ಕಬ್ಬನ್ ವಿನಾಯಿತಿ ಕೊಟ್ಟಿದ್ದರು. ಇವತ್ತಿಗೂ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಅದು ನಡೆಯುತ್ತಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಬಂದೂಕಿನ ಹಕ್ಕು ನೆಲಕ್ಕೂ ಅಂಟಿಕೊಂಡಿರಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ. 1931ರ ಕರಾಚಿ ಕಾಂಗ್ರೆಸ್ ಠರಾವು ಆಯುಧದ ಹಕ್ಕನ್ನು ನಾಗರಿಕನ ಹಕ್ಕುಗಳ ಸಾಲಿಗೆ ಸೇರಿಸಿತ್ತು. ಆದರೆ 1948ರ ಡಿಸೆಂಬರಿನಲ್ಲಿ ಎಚ್.ವಿ. ಕಾಮತರು ಅದನ್ನೇ ಸಂವಿಧಾನ ಸಭೆಯ ಮುಂದಿಟ್ಟಾಗ ಸಭೆ ಒಪ್ಪಲಿಲ್ಲ. ನಮ್ಮ ಹೈದರಾಬಾದ್ ಸಂಸ್ಥಾನದ ಕಡೆ ಪೊಲೀಸ್ ಕಾರ್ಯಾಚರಣೆ ಮುಗಿದು ಆಗ ಮೂರು ತಿಂಗಳೂ ಆಗಿರಲಿಲ್ಲ. ನಿಜಾಮನ ಪರದ ರಜಾಕಾರರ ಬಂದೂಕು ಕಂಡ ಊರುಗಳಿಗೆ ಆ ನಿರ್ಧಾರ ಅರ್ಥವಾಗದ್ದೇನೂ ಅಲ್ಲ.

1959ರ ಆಯುಧ ಕಾಯ್ದೆ 1962ರಲ್ಲಿ ಜಾರಿಗೆ ಬಂತು. ಅಷ್ಟರಲ್ಲಿ ಬೀದರ ಜಿಲ್ಲೆಯಲ್ಲಿದ್ದ ಉದಗೀರ, ನಿಲಂಗಾ 1956ರ ರಾಜ್ಯ ವಿಂಗಡಣೆಯಲ್ಲಿ ಮರಾಠಿ ಕಡೆಗೆ ಹೋಗಿದ್ದವು. ಹಳೆಯ ಕಾಗದ ಉರ್ದುವಿನಲ್ಲಿ, ಹೊಸದು ಮರಾಠಿಯಲ್ಲಿ, ಕಕ್ಷಿದಾರ ಕಷ್ಟ ಹೇಳಿಕೊಳ್ಳುವುದು ಕನ್ನಡದಲ್ಲಿ. ನನ್ನ ತಲೆಮಾರಿನ ವಕೀಲರು ಬೆಳೆದದ್ದು ಇದರ ನಡುವೆ. ಲೈಸೆನ್ಸ್ ಬರೀ ಸವಲತ್ತು ಎಂದು 1985ರಲ್ಲಿ ಅಲಹಾಬಾದ್ ಪೂರ್ಣಪೀಠ ಹೇಳಿದ್ದನ್ನು ಅಧಿಕಾರಿಗಳು ಕಂಠಪಾಠ ಮಾಡಿದ್ದರು. ಸವಲತ್ತೇ ಇರಲಿ, ರದ್ದು ಮಾಡುವಾಗ ಕಾರಣ ಬರೆಯಿರಿ, ನಮ್ಮ ಮಾತೂ ಕೇಳಿರಿ ಎಂದು ನಾವು ಪಟ್ಟು ಹಿಡಿದೆವು. ಕೊಟ್ಟ ಲೈಸೆನ್ಸ್ ಪುಸ್ತಕವನ್ನು ಕಾರಣವಿಲ್ಲದೆ ಕಿತ್ತುಕೊಳ್ಳಬಾರದು ಎಂಬುದು ಈಗ ಸಹಜವೆನಿಸಬಹುದು. ಅದಕ್ಕಾಗಿ ತಾಲೂಕಿನಿಂದ ವಿಭಾಗೀಯ ಕಚೇರಿಗೆ ಬಸ್ಸಿನಲ್ಲಿ ಓಡಾಡಿದವರ ಶ್ರಮವನ್ನು ಯಾರೂ ಬರೆದಿಟ್ಟಿಲ್ಲ.

ಈಗ ಅಮೆರಿಕಕ್ಕೆ ಬರೋಣ. 2002ರಲ್ಲಿ ಓಕ್ಲಹೋಮಾದ ವ್ಯಾಲಿಯಂಟ್ ಎಂಬಲ್ಲಿ ವೇಯರ್‌ಹೌಸರ್ ಕಾಗದ ಕಾರ್ಖಾನೆ, ಪಾರ್ಕಿಂಗಿನಲ್ಲಿದ್ದ ವಾಹನಗಳನ್ನು ತಪಾಸಣೆ ಮಾಡಿ, ಬಂದೂಕು ಸಿಕ್ಕ ಕಾರ್ಮಿಕರನ್ನು ಕೆಲಸದಿಂದ ತೆಗೆಯಿತು. ಸಿಟ್ಟಿಗೆದ್ದ ಶಾಸನಸಭೆ 2004ರಲ್ಲಿ, ಬೀಗ ಹಾಕಿದ ವಾಹನದಲ್ಲಿ ಬಂದೂಕಿಟ್ಟುಕೊಳ್ಳುವುದನ್ನು ಮಾಲೀಕರು ತಡೆಯಕೂಡದೆಂದು ಕಾನೂನು ಮಾಡಿತು. ಕಂಪನಿಗಳು ಕೋರ್ಟಿಗೆ ಹೋದವು. ಕೆಲಸದ ಸ್ಥಳದ ಸುರಕ್ಷತೆಯ ಕೇಂದ್ರ ಕಾನೂನಿಗೆ ಇದು ಅಡ್ಡ ಬರುತ್ತದೆಂದು 2007ರಲ್ಲಿ ತಡೆ ಸಿಕ್ಕಿತು. 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತಡೆಯನ್ನು ತೆಗೆದುಹಾಕಿತು. ಫ್ಲೋರಿಡಾ 2008ರಲ್ಲಿ, ಟೆಕ್ಸಾಸ್ 2011ರಲ್ಲಿ ಇದೇ ದಾರಿ ಹಿಡಿದವು. ಇಂಥ ಕಾನೂನು ಈಗ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿದೆ.

ನಮ್ಮ ಹುಡುಗರು ತಪ್ಪುವುದು ಇಲ್ಲೇ. ಅಲ್ಲಿನ ಸಂವಿಧಾನದ ಎರಡನೇ ತಿದ್ದುಪಡಿ ಕೈಕಟ್ಟುವುದು ಸರ್ಕಾರದ್ದು, ಖಾಸಗಿ ಮಾಲೀಕನದಲ್ಲ. ಪಾರ್ಕಿಂಗಿನ ಹಕ್ಕು ಶಾಸನಸಭೆಗಳು ಬರೆದುಕೊಟ್ಟದ್ದು. ನೆಲ ಮಾಲೀಕನದು, ಕಾರು ಕಾರ್ಮಿಕನದು. ನೆಲದ ಒಡೆಯನ ಮಾತು ಕಾರಿನ ಬಾಗಿಲು ದಾಟಬಹುದೇ ಎಂಬುದೇ ಅಲ್ಲಿನ ಪ್ರಶ್ನೆ. ಇದನ್ನು ಬಂದೂಕಿನ ಪರ-ವಿರೋಧದ ಜಗಳವಾಗಿ ಓದಿದವರಿಗೆ ಅದರೊಳಗಿನ ಕಾರ್ಮಿಕ ಕಾಣಿಸುವುದಿಲ್ಲ.

ನಮ್ಮ ಕಡೆ ಅದೇ ಪ್ರಶ್ನೆ ತಿರುವುಮುರುವಾಗಿ ನಿಂತಿದೆ. ಇಲ್ಲಿ ಮಾಲೀಕನೇ ‘ಕಾವಲಿಗೆ ಸ್ವಂತ ಬಂದೂಕು ಇದ್ದವನು ಬೇಕು’ ಎನ್ನುತ್ತಾನೆ. ಹಲವು ವರ್ಷಗಳ ಹಿಂದೆ ನಿಲಂಗಾ ಕಡೆಯ ಒಬ್ಬ ಮಾಜಿ ಸೈನಿಕ ನನ್ನಲ್ಲಿಗೆ ಬಂದಿದ್ದ. ಲೈಸೆನ್ಸ್ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡಿದ್ದ. ಬೆವರಿಗೆ ಅದರ ಅಂಚು ಮೆತ್ತಗಾಗಿತ್ತು. ಗೋದಾಮೊಂದರ ರಾತ್ರಿ ಕಾವಲು, ಡಬಲ್ ಬ್ಯಾರಲ್ ಅವನದೇ. ಬೆಳಗ್ಗೆ ಅದಕ್ಕೆ ಗೋಣಿತಟ್ಟು ಸುತ್ತಿಕೊಂಡು ಸೈಕಲ್ ಮೇಲೆ ಊರಿಗೆ ಹೋಗಬೇಕು.

“ಒಳಗ ಇಟ್ಟು ಹೋಗ್ತೀನಂದ್ರ ಬ್ಯಾಡ ಅಂತಾರ್ರಿ ಸಾಹೇಬ್ರ. ದಾರ್ಯಾಗ ಹೆಚ್ಚುಕಮ್ಮಿ ಆದ್ರ ಯಾರ ಮ್ಯಾಲ ಬರ್ತದ?” ಎಂದು ಕೇಳಿದ.

ಅವನ ಮೇಲೆಯೇ ಬರುತ್ತದೆ. ಪುಸ್ತಕದಲ್ಲಿರುವುದು ಅವನ ಹೆಸರು. ರಾತ್ರಿಯೆಲ್ಲ ಮಾಲೀಕನ ಸ್ವತ್ತು ಕಾಯ್ದ ಬಂದೂಕು ಗೇಟು ದಾಟಿದ ಕೂಡಲೇ ಅವನೊಬ್ಬನ ಹೊರೆ.

2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆ ಸಂಸ್ಥೆಗೆ ಪರವಾನಗಿ, ಕಾವಲುಗಾರನಿಗೆ ತರಬೇತಿ ಬೇಕೆಂದಿತು. 2016ರ ಆಯುಧ ನಿಯಮಗಳು ಬಂದವು. ಆಯುಧ ಕಾಯ್ದೆಯ 2019ರ ತಿದ್ದುಪಡಿ ಒಬ್ಬನಿಗೆ ಮೂರರ ಬದಲು ಎರಡೇ ಬಂದೂಕು ಎಂದಿತು. ಇವೆಲ್ಲದರ ಮೇಲೂ ಟೀಕೆ, ಭಾಷ್ಯ ಬಂದಿವೆ. ಕೂಲಿಗಾಗಿ ಸ್ವಂತ ಬಂದೂಕು ತರುವವನ ಬಗ್ಗೆ ನಾನು ಓದಿದ ಬರಹಗಳಲ್ಲಿ ಒಂದು ಪುಟವೂ ಇಲ್ಲ. ಆಯುಧ ಕಾನೂನಿನವರು ಅವನನ್ನು ಲೈಸೆನ್ಸ್‌ದಾರ ಎಂದರು, ಕಾರ್ಮಿಕ ಕಾನೂನಿನವರು ವಾಚ್‌ಮನ್ ಎಂದರು. ಇಬ್ಬರೂ ಒಬ್ಬನೇ ಎಂದು ಯಾರೂ ಬರೆಯಲಿಲ್ಲ.

ಮುಂದಿನ ಕೆಲಸ ಅಲ್ಲಿಂದ ಶುರುವಾಗಲಿ. ಓಕ್ಲಹೋಮಾದ ಕಾರ್ಮಿಕನಿಗೆ ಬೀಗ ಹಾಕಲು ಒಂದು ಕಾರಾದರೂ ಇತ್ತು. ಬಂದೂಕು ತಾ ಎಂದವನು ಬೀಗವಿರುವ ಒಂದು ಕಬ್ಬಿಣದ ಕಪಾಟು ಕೊಡಲಿ, ಬಂದೂಕು ಅದರೊಳಗಿದ್ದಷ್ಟು ಹೊತ್ತು ಜವಾಬ್ದಾರಿ ತನ್ನದೆಂದು ನೇಮಕದ ಕಾಗದದಲ್ಲಿ ಬರೆದುಕೊಡಲಿ.