ಯಾಣದ ಕರಿಬಂಡೆಗಳು

ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಎಂಬುದು ಉತ್ತರ ಕನ್ನಡದ ಗಾದೆ. ಗೋಕರ್ಣದಲ್ಲಿ ಕೈ ಬಿಚ್ಚಬೇಕು. ಯಾಣಕ್ಕಾದರೋ ದಟ್ಟ ಕಾಡು, ಏರು, ಇಂಬಳಗಳನ್ನು ದಾಟುವ ಕಸುವು ಬೇಕು. ಸೊಕ್ಕೆಂದರೆ ಇಲ್ಲಿ ಅಹಂಕಾರವಲ್ಲ. 1956ರ ತನಕ ಈ ಜಿಲ್ಲೆ ಮುಂಬಯಿ ರಾಜ್ಯದಲ್ಲೇ ಇದ್ದಿತು. ಆದರೂ ನಮ್ಮ ಮುಂಬಯಿ ಕನ್ನಡಿಗರಲ್ಲಿ ಗಾದೆಯನ್ನು ಬಲ್ಲವರೆಲ್ಲ ಯಾಣವನ್ನು ಕಂಡವರಲ್ಲ.

ಕುಮಟಾ ತಾಲೂಕಿನ ಅಡವಿಯಲ್ಲಿ ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರವೂ 90 ಮೀಟರ್ ಎತ್ತರದ ಮೋಹಿನೀ ಶಿಖರವೂ ನಿಂತಿವೆ. ಭಸ್ಮಾಸುರನು ವರ ಕೊಟ್ಟ ಶಿವನ ತಲೆಯ ಮೇಲೆಯೇ ಕೈಯಿಡಲು ಬೆನ್ನಟ್ಟಿದನಂತೆ. ವಿಷ್ಣು ಮೋಹಿನಿಯಾಗಿ ಬಂದು, ಕುಣಿಸಿ ಕುಣಿಸಿ, ಅವನ ಕೈಯನ್ನು ಅವನ ತಲೆಗೇ ಇರಿಸಿದನಂತೆ. ಆ ಉರಿಗೆ ಬಂಡೆ ಕಪ್ಪಾಯಿತೆನ್ನುವರು. ಭೂವಿಜ್ಞಾನಿಗಳ ಪ್ರಕಾರ ಇದು ಸುಣ್ಣಕಲ್ಲು: ಗಾಳಿ, ಮಣ್ಣುಗಳ ಅಂಗಾರಾಮ್ಲವನ್ನು ಹೀರಿದ ಮಳೆನೀರು ಕಲ್ಲನ್ನು ಕರಗಿಸುತ್ತ ಗವಿಯನ್ನು ತೆರೆಯಿತು. ನಮಗೆ ಈ ಎರಡಕ್ಕೂ ಜಗಳ ಕಾಣದು. ಗವಿಯ ಉದ್ಭವಲಿಂಗದ ಮೇಲೆ ತೊಟ್ಟಿಕ್ಕುವುದೂ ನೀರೇ ತಾನೆ! ಇಲ್ಲಿನ ಚಂಡಿಕಾ ಹೊಳೆ ಮುಂದೆ ಅಘನಾಶಿನಿಯನ್ನು ಸೇರುತ್ತದೆ.

ಶಿಖರದ ಮೈಗೆ ಹೆಜ್ಜೇನಿನ ಹುಟ್ಟುಗಳು, ಸೀಳುಗಳಲ್ಲಿ ಬಾವಲಿಗಳು. ಈಗ ರಸ್ತೆಯಾಗಿ ಮೋಟಾರು ಹತ್ತಿರಕ್ಕೇ ಹೋಗುತ್ತದೆ. ಹಿಂದಿನ ಕಸುವು ಬೇಡ. ಆದರೆ ಗವಿಯಲ್ಲಿ ಕೂಗಿ ಪ್ರತಿಧ್ವನಿ ಕೇಳುವ ಚಪಲ ಮಾತ್ರ ಬೇಡವೇ ಬೇಡ. ಬಾವಲಿಗೆ ಹಗಲೇ ನಿದ್ದೆಯ ಹೊತ್ತು, ಕೆರಳಿದ ಹೆಜ್ಜೇನು ಅಟ್ಟಿಸಿಕೊಂಡು ಬರುವುದು. ಶಿವರಾತ್ರಿಗೆ ಇಲ್ಲಿ ಜಾತ್ರೆ. ಯಾತ್ರಿಕರು ಯಾಣದ ತೀರ್ಥವನ್ನು ಗೋಕರ್ಣಕ್ಕೂ ಒಯ್ಯುವರು.